ಬಹುಮಾನ ಬಾರದ ಭಿತ್ತಿಪತ್ರಗಳು

ಕೈಯಲ್ಲಿ ಬಣ್ಣದ ಡಬ್ಬಿಯನ್ನೂ ಕುಂಚವನ್ನೂ ಹಿಡಿದು ನಿಂತ ತುಂಟ ಹುಡುಗನೊಬ್ಬನ ಚಿತ್ರವನ್ನು, ಮೈಸೂರಿನಿಂದ ಬಂದು ಮುಂಬಯಿಯನ್ನೇ ತಮ್ಮ ಕರ್ಮಭೂಮಿಯನ್ನಾಗಿ ಮಾಡಿಕೊಂಡ ಆರ್. ಕೆ. ಲಕ್ಷ್ಮಣ್ ಅವರು 1954ರಲ್ಲಿ ಏಷ್ಯನ್ ಪೇಂಟ್ಸ್ ಕಂಪೆನಿಗಾಗಿ ಬರೆದುಕೊಟ್ಟಾಗ, ಆ ಹುಡುಗನಿಗೆ ಹೆಸರಿಡುವ ಭಾಗ್ಯವನ್ನು ಕಂಪೆನಿಯವರು ಸಾರ್ವಜನಿಕರಿಗೇ ಬಿಟ್ಟು, 500 ರೂಪಾಯಿ ಬಹುಮಾನದ ಸ್ಪರ್ಧೆಯೊಂದನ್ನು ಸಾರಿದರು. ಸುಮಾರು 47,000 ಉತ್ತರಗಳು ಬಂದುವು. ಮುಂಬಯಿಯವರೇ ಆದ ಇಬ್ಬರು ಸೂಚಿಸಿದ ‘ಗಟ್ಟು’ ಎಂಬ ಹೆಸರು ನಿಂತಿತು. ಬಹುಮಾನ ಸಂದದ್ದು ಇಬ್ಬರಿಗೇ ಎಂಬುದು ನಿಜ. ಆದರೆ ಉಳಿದ ಅಷ್ಟು ಸಾವಿರ ಮಂದಿ ಒಂದು ಸಂಜೆಯಾದರೂ ಆ ಹುಡುಗನ ಮುಖವನ್ನು ಮನಸ್ಸಿನಲ್ಲಿ ಇರಿಸಿಕೊಂಡು, ಅವನಿಗೆ ಒಪ್ಪುವ ಹೆಸರು ಯಾವುದೆಂದು ಮನೆಮಂದಿಯೊಡನೆ ಕುಳಿತು ಆಲೋಚಿಸಿರಬೇಕಲ್ಲವೆ? ಸ್ಪರ್ಧೆಯ ನಿಜವಾದ ಫಲವಿದ್ದದ್ದು ಆ ಆಲೋಚನೆಯಲ್ಲಿ.

ಈ ಹಳೆಯ ಸಂಗತಿಯನ್ನು ಈಗ ಎತ್ತಲು ಕಾರಣವುಂಟು. ಯಾವ ಒಬ್ಬ ವ್ಯಾಪಾರಿಯ ಸೊತ್ತೂ ಅಲ್ಲದೆ, ಬರೆಯುವವರೂ ಬಳಸುವವರೂ ಕೂಡಿ ಬೆಳೆಸುವ ಸ್ವತಂತ್ರ ತಂತ್ರಾಂಶಗಳಿಗೆ ಜಾಹೀರಾತಿನ ಬೊಕ್ಕಸವಿರುವುದಿಲ್ಲ. ಆದಕಾರಣ ಅವು ತಮ್ಮ ಪರಿಚಯವನ್ನು ತಮ್ಮ ಬಳಕೆದಾರರ ಕೈಯಿಂದಲೇ ಮಾಡಿಸಿಕೊಳ್ಳಬೇಕಾಗುತ್ತದೆ. 2004ರ ದಶಂಬರದಲ್ಲಿ ಫೈರ್‌ಫಾಕ್ಸ್ ಎಂಬ ಜಾಲದರ್ಶಕದ ಅಭಿಮಾನಿಗಳು ಚಂದಾ ಎತ್ತಿ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಎರಡು ಪೂರ್ಣ ಪುಟಗಳ ಪ್ರಕಟಣೆಯನ್ನು ಹಾಕಿಸಿ, ಕಾಸು ಕೊಟ್ಟ ಸಾವಿರಾರು ಮಂದಿಯ ಹೆಸರುಗಳನ್ನು ಅದರಲ್ಲಿಯೇ ಅಚ್ಚು ಮಾಡಿಸಿದ್ದರು. ಚಿತ್ರ ಬರೆಯುವ ಇಂಕ್‌ಸ್ಕೇಪ್ ತಂತ್ರಾಂಶದವರು ಹೊಸ ಆವೃತ್ತಿ ಹೊರಡುವಾಗ ಅದರ ಮುಖಚಿತ್ರವನ್ನು ಬಳಕೆದಾರರ ಸ್ಪರ್ಧೆಯಿಂದಲೇ ಆರಿಸುತ್ತಾರೆ. ಇದೇ ಹಾದಿಯಲ್ಲಿ, ಟಿಪ್ಪಣಿಗಳನ್ನು ಬರೆದಿಡುವ ಸ್ವತಂತ್ರ ತಂತ್ರಾಂಶವೊಂದರ ಪ್ರಚಾರಕ್ಕಾಗಿ ಬಳಕೆದಾರರ ಸಮುದಾಯವೇ ಭಿತ್ತಿಪತ್ರ ರಚನೆಯ ಸ್ಪರ್ಧೆಯನ್ನು ನಡೆಸುವುದೆಂಬ ಕಲ್ಪನೆ ನನ್ನ ಮನಸ್ಸಿಗೆ ಬಹಳ ಹಿಡಿಸಿದೆ. ಅದನ್ನು ಮುಂಬಯಿಯ ಕನ್ನಡಿಗರು ಕನ್ನಡದಲ್ಲಿ ನಡೆಸಬೇಕೆಂಬುದು ಈ ವಾರದ ನನ್ನ ಬಿನ್ನಹ.

ಭಿತ್ತಿಪತ್ರವೆಂಬುದು ಈ ನಗರಕ್ಕೆ ಹೊರಗಿನಿಂದ ತಂದು ಕಲಿಸಬೇಕಾದ ವಿದ್ಯೆಯಲ್ಲ. 1894ರಲ್ಲಿ ಗಿರಗಾಂವಿನಲ್ಲಿ ಆರಂಭವಾದ ರವಿವರ್ಮಾ ಮುದ್ರಣಾಲಯ ಅರಮನೆಗಳ ಗೋಡೆಯ ಮೇಲಿದ್ದ ಲಕ್ಷ್ಮೀ ಸರಸ್ವತಿಯರನ್ನು ಬಡವರ ಮನೆಯ ಗೋಡೆಗೆ ಇಳಿಸಿತು. ಸಿನೆಮಾ ಫಲಕಗಳಿಗೆ ಬಣ್ಣ ಬಳಿಯುತ್ತ ಈ ಬೀದಿಗಳಲ್ಲಿ ಹೊಟ್ಟೆ ಹೊರೆದ ಯುವಕನೊಬ್ಬ ಮುಂದೆ ಎಂ. ಎಫ್. ಹುಸೇನರೆಂದು ಲೋಕಪ್ರಸಿದ್ಧರಾದರು, ಉಡುಪಿ ಸೀಮೆಯ ಕಟ್ಟಿಂಗೇರಿಯಿಂದ ಬಂದು ಜೆ. ಜೆ. ಕಲಾಶಾಲೆಯಲ್ಲಿ ಕಲಿತ ಕೆ. ಕೆ. ಹೆಬ್ಬಾರರು ನಾಲ್ಕಾರು ಗೆರೆಗಳಲ್ಲಿ ನರ್ತಿಸುವ ದೇಹವನ್ನು ತೋರಿಸಬಲ್ಲವರಾಗಿ ಇಲ್ಲಿಯೇ ನೆಲೆಸಿದರು. ಇಂಥ ಊರಿನಲ್ಲಿರುವ ಕನ್ನಡದ ಮಕ್ಕಳಿಗೆ ಚಿತ್ರಕಲೆಯ ಸಂಸ್ಕಾರ ಇಲ್ಲವೆಂದು ಯಾರೂ ಹೇಳಲಾರರು. ಕೊರತೆಯಿರುವುದು ಅವರ ಕುಂಚಕ್ಕೆ ಕನ್ನಡದಲ್ಲಿ ಕೆಲಸ ಕೊಡುವವರದು.

ಇನ್ನು ಟಿಪ್ಪಣಿಯ ವಿಚಾರ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಕೋಟೆ ಭಾಗದ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು, ವಕೀಲರೂ ಅಧ್ಯಾಪಕರೂ ಉದ್ಯಮಿಗಳೂ ಆದ ಒಂದು ತಲೆಮಾರು ಈ ನಗರದಲ್ಲಿ ಆಗಿಹೋಗಿದೆ. ಅವರ ಪಾಲಿಗೆ ಪುಸ್ತಕ ದುರ್ಲಭವಾಗಿದ್ದಾಗ, ಮೇಷ್ಟರು ಹೇಳಿದ್ದನ್ನು ಬರೆದುಕೊಂಡ ನೋಟ್ ಪುಸ್ತಕವೇ ಏಕೈಕ ಆಸ್ತಿ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಗ್ರಂಥಾಲಯದ ಹೊಣೆ ಹೊತ್ತಿದ್ದ ಶ್ರೀನಿವಾಸ ಹಾವನೂರರು ಹತ್ತೊಂಬತ್ತನೆಯ ಶತಮಾನದ ಕನ್ನಡ ಸಾಹಿತ್ಯವನ್ನು ಶೋಧಿಸಿ ‘ಹೊಸಗನ್ನಡದ ಅರುಣೋದಯ’ವೆಂಬ ಮಹಾಗ್ರಂಥವನ್ನು ರಚಿಸಿದರಷ್ಟೆ, ಅಂಥ ಗ್ರಂಥಗಳ ಅಡಿಪಾಯದಲ್ಲಿ ಇರುವುದು ವರ್ಷಾನುವರ್ಷ ಕೂಡಿಟ್ಟ ಟಿಪ್ಪಣಿಗಳಲ್ಲದೆ ಬೇರೇನು? ವಿದ್ಯಾವಂತನ ಮಾತಿರಲಿ, ಚಾಳಿನ ಕೋಣೆಯೊಂದರಲ್ಲಿ ಸಂಸಾರ ತೂಗಿಸುವ ಗೃಹಿಣಿಯೂ ಹಾಲಿನ ಲೆಕ್ಕ, ಚೀಟಿಯ ಕಂತು, ಊರಿಗೆ ಕಳುಹಿಸಿದ ಹಣ, ಮಗುವಿಗೆ ಹಾಕಿಸಿದ ಲಸಿಕೆಯ ದಿನ, ಇವನ್ನೆಲ್ಲ ಎಲ್ಲಿಯೋ ಬರೆದಿಡುವವಳೇ.

ಇಂದು ಆ ಬರೆವಣಿಗೆ ಮೊಬೈಲಿಗೆ ಬಂದಿದೆ. ಬಂದದ್ದು ಒಳ್ಳೆಯದೇ, ಆದರೆ ಬರೆದದ್ದು ಯಾರ ವಶದಲ್ಲಿದೆಯೆಂಬುದನ್ನು ವಿಚಾರಿಸುವವರು ವಿರಳ. ಎವರ್‌ನೋಟ್ ಎಂಬ ಪ್ರಸಿದ್ಧ ಸೇವೆ 2023ರ ದಶಂಬರದಲ್ಲಿ, ಹಣ ಕೊಡದೆ ಬಳಸುವವರಿಗೆ 50 ಟಿಪ್ಪಣಿಗಳು ಮತ್ತು ಒಂದೇ ಪುಸ್ತಕ ಎಂಬ ಮಿತಿಯನ್ನು ವಿಧಿಸಿತು. ತನ್ನ ಅಂಗಡಿಯ ನಿಯಮವನ್ನು ಬದಲಿಸುವ ಹಕ್ಕು ಅಂಗಡಿಯವನಿಗೆ ಇದ್ದೇ ಇದೆ. ಆದಕಾರಣವೇ, ಬಾಳಿನ ನೆನಪನ್ನೆಲ್ಲ ಒಬ್ಬರ ಅಂಗಡಿಯಲ್ಲಿ ಒತ್ತೆಯಿಡುವುದು ವಿವೇಕವಲ್ಲವೆಂದು ನಾನು ಹೇಳುವುದು. ಇದಕ್ಕೆ ಪ್ರತಿಯಾಗಿ ಜಾಪ್ಲಿನ್ ಮುಂತಾದ ಸ್ವತಂತ್ರ ತಂತ್ರಾಂಶಗಳುಂಟು. ಲೋರಾಂ ಕೋಜಿಕ್ ಎಂಬವರು ಆರಂಭಿಸಿದ, ರ್‍ಯಾಗ್‌ಟೈಮ್ ಸಂಗೀತದ ರಚನಕಾರ ಸ್ಕಾಟ್ ಜಾಪ್ಲಿನ್ ಅವರ ಹೆಸರನ್ನು ಹೊತ್ತ ಈ ತಂತ್ರಾಂಶದಲ್ಲಿ ಬರೆದದ್ದು ಮೊದಲು ನಮ್ಮ ಯಂತ್ರದಲ್ಲಿಯೇ ಉಳಿಯುತ್ತದೆ; ಜಾಲಸಂಪರ್ಕ ಇಲ್ಲದಾಗಲೂ ಓದಬಹುದು, ಬರೆಯಬಹುದು; ಬೇರೆಡೆ ಪ್ರತಿಯಿರಿಸುವುದಾದರೆ ಗೂಢಲಿಪಿಯ ಬೀಗ ಹಾಕಿ ಇರಿಸಬಹುದು; ಬೇಡವಾದ ದಿನ ಎಲ್ಲವನ್ನೂ ಸರಳ ಪಠ್ಯದ ಕಡತಗಳಾಗಿ ಹೊರತೆಗೆದುಕೊಂಡು ನಮ್ಮ ದಾರಿ ನಾವು ಹಿಡಿಯಬಹುದು. ಯೂನಿಕೋಡಿನ ದೆಸೆಯಿಂದ ಕನ್ನಡದಲ್ಲಿ ಬರೆಯುವುದಕ್ಕೆ ಇದರಲ್ಲಿ ಯಾವ ಅಡ್ಡಿಯೂ ಇಲ್ಲ. ಇಷ್ಟೆಲ್ಲ ಇದ್ದರೂ ನಮ್ಮ ಜನರಲ್ಲಿ ಅದರ ಹೆಸರನ್ನು ಕೇಳಿದವರು ಬಹಳ ಇಲ್ಲ, ಹೇಳುವವರಿಲ್ಲದ್ದರಿಂದ ಕೇಳಿದವರಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಕಲಾವಿದರು ನ್ಯಾಯವಾಗಿಯೇ ಹೇಳುತ್ತಾರೆ: “ನೂರು ಮಂದಿ ದುಡಿಯುವುದು, ಒಬ್ಬನಿಗೆ ಹಣ ಸಲ್ಲುವುದು, ಉಳಿದ ತೊಂಬತ್ತೊಂಬತ್ತು ಮಂದಿಯ ಶ್ರಮ ಕಸದ ಬುಟ್ಟಿಗೆ ಹೋಗುವುದು, ಇದು ಸ್ಪರ್ಧೆಯ ಹೆಸರಿನ ಬಿಟ್ಟಿ ದುಡಿಮೆ.” ಈ ಮಾತನ್ನು ನಾನು ತಳ್ಳಿಹಾಕಲಾರೆ. ನಮ್ಮ ರೂಪಾಯಿಯ ಚಿಹ್ನೆಯ ಸಂಗತಿಯನ್ನೇ ನೋಡಬಹುದು. ಕೇಂದ್ರ ಸರಕಾರ 2009ರಲ್ಲಿ ಸಾರಿದ ಸ್ಪರ್ಧೆಗೆ 3,000ಕ್ಕೂ ಮಿಕ್ಕಿ ರಚನೆಗಳು ಬಂದುವು. ಪವಾಯಿಯ ಐಐಟಿಯ ವಿನ್ಯಾಸ ಕೇಂದ್ರದಲ್ಲಿ ಅಭ್ಯಾಸ ಮಾಡಿದ ಡಿ. ಉದಯಕುಮಾರ್ ಅವರ ಚಿಹ್ನೆಯನ್ನು 2010ರ ಜುಲೈ 15ರಂದು ಸಚಿವ ಸಂಪುಟ ಅಂಗೀಕರಿಸಿತು. ಆರಿಸಿದ ಚಿಹ್ನೆ ಸುಂದರವಾದುದೇ, ಅದರಲ್ಲಿ ವಿವಾದವಿಲ್ಲ. ಆದರೆ ಉಳಿದ ಆ ಸಾವಿರಾರು ಕೈಗಳ ಕೆಲಸದಲ್ಲಿ ಬಹುಪಾಲನ್ನು ದೇಶದ ಜನ ಕಾಣಲೇ ಇಲ್ಲ. ನಾಣ್ಯಕ್ಕೆ ಒಂದೇ ಚಿಹ್ನೆ ಇರಬೇಕಾದದ್ದು ಅನಿವಾರ್ಯ. ಭಿತ್ತಿಪತ್ರಕ್ಕೆ ಆ ನಿರ್ಬಂಧವಿಲ್ಲ. ಮಾಟುಂಗದ ಗೋಡೆಗೆ ಒಂದು, ಡೊಂಬಿವಲಿಯ ಗೋಡೆಗೆ ಇನ್ನೊಂದು, ಮೀರಾರೋಡಿನ ಗೋಡೆಗೆ ಮತ್ತೊಂದು ಇದ್ದರೆ ಹೆಚ್ಚು ಚೆನ್ನು.

ಸ್ವತಂತ್ರ ತಂತ್ರಾಂಶದ ಚರಿತ್ರೆಯಲ್ಲಿಯೇ ಈ ಆಕ್ಷೇಪಕ್ಕೆ ಸಮಾಧಾನವೊಂದು ದೊರಕುತ್ತದೆ. 1996ರಲ್ಲಿ ಲಿನಕ್ಸಿಗೆ ಲಾಂಛನವೊಂದು ಬೇಕೆಂದಾಗ, ಅಮೆರಿಕದ ಟೆಕ್ಸಾಸಿನ ಲ್ಯಾರಿ ಯೂವಿಂಗ್ ಎಂಬ ತರುಣ, ಜಿಂಪ್ ಎಂಬ ಸ್ವತಂತ್ರ ತಂತ್ರಾಂಶವನ್ನೇ ಬಳಸಿ, ಹೊಟ್ಟೆ ತುಂಬಿ ಕುಳಿತ ಪೆಂಗ್ವಿನ್ ಹಕ್ಕಿಯೊಂದನ್ನು ಬರೆದ. ಲಾಂಛನಕ್ಕಾಗಿ ನಡೆದ ಸ್ಪರ್ಧೆಗಳು ಮೂರು. ಆ ಹಕ್ಕಿ ಮೂರರಲ್ಲಿ ಒಂದನ್ನೂ ಗೆಲ್ಲಲಿಲ್ಲ. ಇಂದು ಗೆದ್ದ ಲಾಂಛನ ಯಾವುದೆಂದು ಕೇಳಿದರೆ ಬಲ್ಲವರೂ ತಡವರಿಸುವರು. ಸೋತ ಪೆಂಗ್ವಿನ್ ಮಾತ್ರ ಟಕ್ಸ್ ಎಂಬ ಹೆಸರಿನಿಂದ ಜಗತ್ತಿನಾದ್ಯಂತ ಲಿನಕ್ಸಿನ ಮುಖವಾಗಿ ಕುಳಿತಿದೆ. ಕಾರಣವೇನೆಂದರೆ, ಬರೆದಾತನು ಅದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಕೇಳಿದವರಿಗೆ ತನ್ನ ಹೆಸರನ್ನೂ ಜಿಂಪಿನ ಹೆಸರನ್ನೂ ತಿಳಿಸಿದರೆ ಸಾಕೆಂದು ಬಿಟ್ಟುಕೊಟ್ಟ. ತೀರ್ಪುಗಾರರು ಒಪ್ಪದಿದ್ದುದನ್ನು ಜನ ಒಪ್ಪಿದರು. ಒಪ್ಪುವುದಕ್ಕೆ ಬೇಕಾದ ಅವಕಾಶ ಜನಕ್ಕೆ ಇತ್ತು. ಸ್ಪರ್ಧೆಗೆ ಬಂದ ಸಕಲ ಚಿತ್ರಗಳೂ ಬರೆದವರ ಹೆಸರಿನೊಡನೆ, ಮೂಲ ಕಡತದೊಡನೆ, ಎಲ್ಲರ ಬಳಕೆಗೆ ದೊರೆಯುವಂತಿದ್ದರೆ ಯಾರ ಶ್ರಮವೂ ಕಸದ ಬುಟ್ಟಿಗೆ ಹೋಗದು. ಹಾಗಿಲ್ಲದೆ, ಪ್ರಥಮ ಬಹುಮಾನ ಪಡೆದದ್ದನ್ನು ಇಟ್ಟುಕೊಂಡು ಮಿಕ್ಕದ್ದನ್ನು ಎಸೆಯುವುದಾದರೆ, ಆ ಸ್ಪರ್ಧೆ ನಡೆಯದಿರುವುದೇ ಮೇಲು.

ಕೊಡುವ ಈ ಗುಣ ಮುಂಬಯಿಯ ಕನ್ನಡಿಗರಿಗೆ ಹೊಸದಲ್ಲ. ಕಿನ್ನಿಕಂಬಳದಿಂದ ಬಂದು ಇಲ್ಲಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದ ಕೆ. ಪಿ. ರಾವ್ ಅವರು ಧ್ವನಿಯ ಕ್ರಮವನ್ನು ಅನುಸರಿಸಿ ಕನ್ನಡದ ಕೀಲಿಮಣೆಯೊಂದನ್ನು ರೂಪಿಸಿ, ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಿಂದ ‘ಸೇಡಿಯಾಪು’ ಎಂಬ ಬರೆವಣಿಗೆಯ ತಂತ್ರಾಂಶವನ್ನು ಕಟ್ಟಿ, ಎರಡನ್ನೂ ಸ್ವಾಮ್ಯದ ಹಂಗಿಲ್ಲದೆ ನಾಡಿಗೆ ಒಪ್ಪಿಸಿದರು. ಕರ್ನಾಟಕ ಸರಕಾರ ಮುಂದೆ ಒಪ್ಪಿದ ಕೀಲಿಮಣೆಯ ವಿನ್ಯಾಸವೂ ಅವರದೇ. ನಾವು ಇಂದು ಯೋಚಿಸದೆ ಒತ್ತುವ ಪ್ರತಿಯೊಂದು ಕೀಲಿಯಲ್ಲಿಯೂ ಆ ದಾನದ ಅಂಶವಿದೆ. ಮುಂಬಯಿಯದೇ ಆದ ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸಕಾರರ ತಂಡ ‘ಬಲೂ ತಮ್ಮ’ ಎಂಬ ದುಂಡುದುಂಡಾದ ಕನ್ನಡ ಅಕ್ಷರಶೈಲಿಯನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟಿದೆ. ದೂರದಿಂದಲೂ ಓದಿಸಿಕೊಳ್ಳುವ ಅದರ ತುಂಬು ಗೆರೆ ಭಿತ್ತಿಪತ್ರಕ್ಕೆಂದೇ ಹುಟ್ಟಿದಂತಿದೆ.

ಅಕ್ಷರದ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕನ್ನಡದ ಭಿತ್ತಿಪತ್ರ ಕೆಡುವುದು ಬಹುಮಟ್ಟಿಗೆ ಒತ್ತಕ್ಷರದಲ್ಲಿ. ಕನ್ನಡವರಿಯದ ವಿನ್ಯಾಸಕಾರ ಇಂಗ್ಲಿಷಿನ ಅಭ್ಯಾಸದಂತೆ ಎರಡು ಸಾಲುಗಳ ನಡುವಣ ಅಂತರವನ್ನು ಬಿಗಿದುಬಿಡುತ್ತಾನೆ. ಆಗ ಮೇಲಿನ ಸಾಲಿನ ಪಕಾರದ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕುಳಿತು, ಎರಡೂ ಸೇರಿ ಯಾವುದೂ ಓದಲಾಗದ ಗಂಟಾಗುತ್ತದೆ. ಕೆಲವು ಹಳೆಯ ತಂತ್ರಾಂಶಗಳಲ್ಲಿಯಂತೂ ಒತ್ತು ತನ್ನ ಅಕ್ಷರವನ್ನು ಬಿಟ್ಟು ಪಕ್ಕದಲ್ಲಿ ಬೇರೆಯಾಗಿಯೇ ನಿಲ್ಲುವುದನ್ನು, ಅರ್ಕಾವೊತ್ತು ಸ್ಥಾನಭ್ರಷ್ಟವಾಗುವುದನ್ನು, ಈ ನಗರದ ಎಷ್ಟೋ ಸಮಾರಂಭಗಳ ಬ್ಯಾನರುಗಳಲ್ಲಿ ನಾವು ಕಂಡಿದ್ದೇವೆ. ಇಂಕ್‌ಸ್ಕೇಪ್, ಜಿಂಪ್ ಮುಂತಾದ ಸ್ವತಂತ್ರ ತಂತ್ರಾಂಶಗಳಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿಯೇ ಕೂಡಿಕೊಳ್ಳುತ್ತದೆ. ಸ್ವತಂತ್ರ ತಂತ್ರಾಂಶದ ಪ್ರಚಾರದ ಚಿತ್ರವನ್ನು ಸ್ವತಂತ್ರ ತಂತ್ರಾಂಶದಿಂದಲೇ ಬರೆಯಬೇಕೆಂದು ನಾನು ಹೇಳುವುದು ವ್ರತನಿಷ್ಠೆಗಾಗಿ ಮಾತ್ರವಲ್ಲ. ಬರೆದ ಕಡತವನ್ನು ಯಾರು ತೆರೆದರೂ ತೆರೆಯಬೇಕು, ಭಾಂಡುಪಿನ ಹುಡುಗಿ ಬರೆದದ್ದನ್ನು ಕಾಸರಗೋಡಿನ ಶಿಕ್ಷಕರು ತಮ್ಮ ಶಾಲೆಯ ಹೆಸರು ಸೇರಿಸಿ ಅಚ್ಚು ಹಾಕಿಸುವಂತಾಗಬೇಕು. ಕಲಿಯುವುದು ಹೇಗೆಂದು ಕೇಳುವವರಿಗೆ ಪವಾಯಿಯ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಇದೆ. ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ಬೆಳೆದ ಅದರಲ್ಲಿ ಸ್ವತಂತ್ರ ತಂತ್ರಾಂಶಗಳ ಚಿಕ್ಕ ಚಿಕ್ಕ ಪಾಠಗಳು ಹಲವು ಭಾರತೀಯ ಭಾಷೆಗಳ ಧ್ವನಿಯಲ್ಲಿ, ಕನ್ನಡದಲ್ಲಿಯೂ, ಉಚಿತವಾಗಿ ದೊರೆಯುತ್ತವೆ.

ಚಿತ್ರದಲ್ಲಿ ಇರಬೇಕಾದುದು ಏನು? ಲೋಕಲ್ ರೈಲು ನಿಲ್ದಾಣದಲ್ಲಿ ನಿಲ್ಲುವಷ್ಟು ಹೊತ್ತಿನಲ್ಲಿ, ಬಾಗಿಲ ಬಳಿಯ ನೂಕುನುಗ್ಗಲಿನ ನಡುವೆ ಕತ್ತು ಚಾಚಿ ನೋಡಿದವನಿಗೆ ದಾಟುವಷ್ಟು ಮಾತು, ಅದಕ್ಕಿಂತ ಹೆಚ್ಚಿಲ್ಲ. ತಂತ್ರಾಂಶದ ಗುಣಗಳನ್ನೆಲ್ಲ ಪಟ್ಟಿಮಾಡಿ ತುಂಬಿದ ಚಿತ್ರವನ್ನು ಯಾರೂ ಓದುವುದಿಲ್ಲ. ರಾತ್ರಿ ಹತ್ತು ಗಂಟೆಗೆ ಗಲ್ಲಾಪೆಟ್ಟಿಗೆಯ ಪಕ್ಕ ನಿಂತು ನಾಳೆ ತರಿಸಬೇಕಾದ ಉದ್ದಿನಬೇಳೆಯ ಲೆಕ್ಕವನ್ನು ಫೋನಿನಲ್ಲಿ ಬರೆದುಕೊಳ್ಳುವ ಹೋಟೆಲಿನವನ ಕೈಯೊಂದೇ ಸಾಕು. ಕೆಳಗೆ ‘ನೀವು ಬರೆದದ್ದು ನಿಮ್ಮಲ್ಲೇ ಇರಲಿ’ ಎಂಬ ಒಂದು ಸಾಲು, ತಂತ್ರಾಂಶದ ಹೆಸರು, ಬರೆದವರ ಹೆಸರು. ಇಂಥ ಚಿತ್ರವನ್ನು ಕಲ್ಪಿಸಬೇಕಾದರೆ ಬರೆಯುವವರು ತಾವೇ ಆ ತಂತ್ರಾಂಶವನ್ನು ಕೆಲವು ವಾರ ಬಳಸಿರಬೇಕು. ಆದ್ದರಿಂದ ಪ್ರವೇಶಪತ್ರದೊಡನೆ ‘ನಾನು ಇದನ್ನು ಯಾವುದಕ್ಕೆ ಬಳಸಿದೆ’ ಎಂಬ ನಾಲ್ಕು ಸಾಲುಗಳನ್ನು ಕೇಳುವುದು ಒಳ್ಳೆಯದು. ಗಟ್ಟುವಿನ ಸ್ಪರ್ಧೆಯಲ್ಲಿ ಆದದ್ದು ಇಲ್ಲಿಯೂ ಆಗುವುದು: ಚಿತ್ರ ಬರೆದ ಪ್ರತಿಯೊಬ್ಬರೂ, ಬಹುಮಾನ ಬರಲಿ ಬಾರದಿರಲಿ, ಬಳಕೆದಾರರಾಗಿಯೇ ಹೊರಬರುವರು.

ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್ ಇದೆ, ಅದು 1926ರಲ್ಲಿ ಹುಟ್ಟಿದ ಸಂಸ್ಥೆ. ಮಾಹಿಮಿನಲ್ಲಿ ಕರ್ನಾಟಕ ಸಂಘವಿದೆ, ಅದು 1933ರದು. ಕಲೀನಾದಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಉಪನಗರಗಳಲ್ಲಿ ಜಾತಿಸಂಘಗಳೂ ಭಾಷಾಸಂಘಗಳೂ ಎಣಿಕೆ ಮೀರಿವೆ. ಪ್ರಬಂಧ, ಭಾವಗೀತೆ, ರಂಗೋಲಿಗಳ ಸ್ಪರ್ಧೆಗಳನ್ನು ವರ್ಷವರ್ಷವೂ ಶ್ರದ್ಧೆಯಿಂದ ನಡೆಸುವ ಈ ಹಿರಿಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಬರುವ ರಾಜ್ಯೋತ್ಸವಕ್ಕೆ ಇದೊಂದು ಸ್ಪರ್ಧೆಯನ್ನೂ ಸೇರಿಸಿಕೊಳ್ಳಿ. ಪ್ರವೇಶಶುಲ್ಕ ಬೇಡ, ವಯಸ್ಸಿನ ಮಿತಿ ಬೇಡ. ತೀರ್ಪುಗಾರರಲ್ಲಿ ಒಬ್ಬರು ಕಲಾವಿದರಿರಲಿ, ಒಬ್ಬರು ಕನ್ನಡದ ಕಾಗುಣಿತ ಬಲ್ಲವರಿರಲಿ, ಒಬ್ಬರು ದಿನನಿತ್ಯ ಆ ತಂತ್ರಾಂಶವನ್ನು ಬಳಸುವ ವಿದ್ಯಾರ್ಥಿಯಿರಲಿ. ಬಂದ ಚಿತ್ರಗಳನ್ನೆಲ್ಲ ಸಭಾಗೃಹದ ಗೋಡೆಗೆ ಹಾಕಿ, ಮೂಲ ಕಡತಗಳನ್ನು ಬೇಡಿದವರಿಗೆಲ್ಲ ಕೊಡಿ. ಬಹುಮಾನದ ಮೊತ್ತ ಎಷ್ಟು ಸಣ್ಣದಾದರೂ ಚಿಂತೆಯಿಲ್ಲ.