ಭಂಗಾರವೋ, ಬಂಗಾರವೋ?

ಮರಾಠಿಯಲ್ಲಿ ಗುಜರಿಗೆ 'ಭಂಗಾರ' ಎನ್ನುತ್ತಾರೆಂಬುದನ್ನು ಪುಣೆಯ ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. 'ಭಂಗಾರವಾಲಾ' ಎಂಬ ಕೂಗು ಕೇಳಿ, ಊರಿಂದ ಹೊಸದಾಗಿ ಬಂದವರು ಬಂಗಾರದವನು ಬಂದನೆಂದು ಬಾಗಿಲಿಗೆ ಓಡುವುದು ನಮ್ಮ ಮನೆಗಳ ಹಳೆಯ ನಗೆ. ಕಳೆದ ತಿಂಗಳು ಈ ನಗೆ ನಮ್ಮ ಮೇಲೆಯೇ ತಿರುಗಿತು. ನಾವಿರುವ ಸೊಸೈಟಿಯವರು ನಮ್ಮ 1969ರ ಜಾವಾ ಮೋಟಾರ್ ಸೈಕಲ್ಲಿಗೆ 'ಭಂಗಾರ, ಕೂಡಲೇ ತೆಗೆಯಿರಿ' ಎಂದು ಚೀಟಿ ಅಂಟಿಸಿದರು. ಅದೇ ವಾರ ಪರಿಚಿತರ ಮಗನೊಬ್ಬ ಬಂದು, "ಕಾಕಾ, ಕೇಳಿದಷ್ಟು ರೊಕ್ಕಾ ಕೊಡ್ತೀನ್ರಿ. ಹೊಸಾ ಹೋಟೆಲಿನ ಗ್ವಾಡಿಗೆ ತೂಗಹಾಕಬೇಕಾಗೇದ. ಎಂಜಿನ್ ಬಿಚ್ಚಿದ್ರ ಹಗುರಾಗ್ತದ" ಎಂದ.

ಒಬ್ಬರಿಗೆ ಭಂಗಾರ, ಇನ್ನೊಬ್ಬರಿಗೆ ಬಂಗಾರ. ಇಬ್ಬರಿಗೂ ನಮ್ಮ ಉತ್ತರ ಒಂದೇ: ಅದು ಮೋಟಾರ್ ಸೈಕಲ್ಲು. ಓಡಿಸುವುದಕ್ಕೆಂದು ಮಾಡಿದ್ದು.

ನಮ್ಮ ಬಾಳಿನಲ್ಲಿ ನಾಲ್ಕು ಗಾಡಿಗಳು ಬಂದುಹೋದವು. ರಾಜದೂತ್ ಹೊತ್ತಷ್ಟು ಭಾರವನ್ನು ಎತ್ತೂ ಹೊರದು. ಬುಲೆಟ್ಟಿನ ಗಿಯರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ರೂಢಿಯಾಗುವವರೆಗೆ ನಿಲ್ಲಿಸಹೋಗಿ ಗಿಯರು ಬದಲಿಸಿದ್ದೇ ಹೆಚ್ಚು. ಯೆಜ್ದಿ ರೋಡ್‌ಕಿಂಗ್ ಘಾಟಿಯಲ್ಲಿ ಕುದುರೆಯಂತೆ ಏರುತ್ತಿತ್ತು. ಆದರೆ ಕೊನೆಯವರೆಗೂ ಉಳಿದದ್ದು ಮೊದಲನೆಯದಾದ ಜಾವಾ. ಗಿಯರಿನ ಲಿವರನ್ನೇ ಒಳಕ್ಕೊತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕು. ಗಿಯರು ಒತ್ತಿದರೆ ಕ್ಲಚ್ಚು ತಾನಾಗಿಯೇ ಬಿಡುತ್ತದೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. 1974ರಲ್ಲಿ ಮೈಸೂರಿನಿಂದ ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರಗಳ ದಾರಿ ಹಿಡಿದು ಮೂರು ದಿನದಲ್ಲಿ ನಮ್ಮನ್ನು ಈ ಊರಿಗೆ ತಂದದ್ದು ಅದೇ.

ಅದರ ಕುಲಗೋತ್ರವನ್ನೂ ನೋಡಿರಿ. ಜಾವಾ ಎಂಬುದು 1929ರಲ್ಲಿ ಯಾನೆಚೆಕ್, ವಾಂಡರರ್ ಎಂಬೆರಡು ಹೆಸರುಗಳ ಮೊದಲಕ್ಷರ ಕೂಡಿ ಆದ ಹೆಸರು. ವಿನ್ಯಾಸ ಝೆಕೊಸ್ಲೊವಾಕಿಯದ್ದು. 1961ರಲ್ಲಿ ಅದನ್ನು ಮೈಸೂರಿನ ಯಾದವಗಿರಿಯಲ್ಲಿ ತಯಾರಿಸತೊಡಗಿದ ಐಡಿಯಲ್ ಜಾವಾ ಕಂಪನಿ ಇರಾನಿ ಮನೆತನದವರದು. ಮುಂದೆ ಅಲ್ಲಿಯೇ ಯೆಜ್ದಿ ಹುಟ್ಟಿತು. ಎಲ್ಲಿಂದಲೋ ಬಂದು ಮೈಸೂರಿನದೇ ಆಗಿಹೋದ ಗಾಡಿಯಿದು. ಹೊರನಾಡಿನಲ್ಲಿ ಬೇರೂರಿದ ನಮಗಲ್ಲದೆ ಇನ್ನಾರಿಗೆ ಇದರ ಮರ್ಮ ತಿಳಿದೀತು?

ಆದರೆ ನಾವು ಮಾಡಿದ್ದೇನು? ಹಿತ್ತಲ ಗಿಡ ಮದ್ದಲ್ಲ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಬಿಡಿಭಾಗ ಸಿಗದೆಂದು ಹೆದರಿ, ಎರಡು ವರ್ಷದ ಮೇಲೆ ರೋಡ್‌ಕಿಂಗನ್ನು ಭಂಗಾರವಾಲಾನಿಗೆ ತೂಕಕ್ಕೆ ಹಾಕಿದವರು ನಾವೇ. ಅದೇ ವರ್ಷ ರಾಜ್ಯೋತ್ಸವದ ವೇದಿಕೆಯ ಮೇಲೆ ಕನ್ನಡ ನಾಡಿನ ಹಿರಿಮೆ ಕುರಿತು ಭಾಷಣವನ್ನೂ ಬಿಗಿದೆವು! ಆ ನಾಚಿಕೆಯೇ ಇಂದು ನಮ್ಮಿಂದ ಇದನ್ನು ಬರೆಯಿಸುತ್ತಿದೆ.

'ಜಾವಾ ಮತ್ತೆ ಬಂದಿದೆಯಲ್ಲ, ಹಳೆಯದೇಕೆ?' ಎನ್ನುವವರಿದ್ದಾರೆ. 2018ರಲ್ಲಿ ಹೆಸರು ಮರಳಿತು, ನಿಜ. ಆದರೆ ಆ ಗಾಡಿ ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಅದರ ಎಂಜಿನ್ನು ಫೋರ್ ಸ್ಟ್ರೋಕ್. ಗಾಡಿ ಚೆನ್ನಾಗಿರಬಹುದು. ಮೊಮ್ಮಗನಿಗೆ ಅಜ್ಜನ ಹೆಸರಿಟ್ಟರೆ ಅಜ್ಜ ಬದುಕಿ ಬಂದಂತಾಯಿತೆ?

'ಹೊಗೆ ಕಾರುತ್ತದೆ' ಎಂಬ ಆಕ್ಷೇಪ ಮಾತ್ರ ಸುಳ್ಳಲ್ಲ. ಪೆಟ್ರೋಲಿನೊಡನೆ ಎಣ್ಣೆ ಸುಡುವ ಟೂ ಸ್ಟ್ರೋಕ್ ಎಂಜಿನ್ನಿನಿಂದ ಅರೆಬೆಂದ ಹೊಗೆ ಬಂದೇ ಬರುತ್ತದೆ. ಆದ್ದರಿಂದ ದಿನನಿತ್ಯ ಆಫೀಸಿಗೆ ಇದರಲ್ಲಿ ಹೋಗಿರೆಂದು ನಾವು ಹೇಳುವುದಿಲ್ಲ. ಆದರೆ ನಿಲ್ಲಿಸಿಟ್ಟರೆ ಅದು ಸಾಯುತ್ತದೆ. ಈ ಎಂಜಿನ್ನಿನ ಒಳಭಾಗಕ್ಕೆ ಎಣ್ಣೆ ಸೇರುವುದು ಪೆಟ್ರೋಲಿನ ಜೊತೆಗೇ; ಓಡದಿದ್ದರೆ ಎಣ್ಣೆಯೂ ಇಲ್ಲ. ಕಾರ್ಬೊರೇಟರಿನಲ್ಲಿ ಪೆಟ್ರೋಲು ಒಣಗಿ ಅಂಟಾಗುತ್ತದೆ, ಟ್ಯಾಂಕಿಗೆ ತುಕ್ಕು ಹಿಡಿಯುತ್ತದೆ, ಆಯಿಲ್ ಸೀಲು ಬಿರುಸಾಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಕೈಚಳಕದ್ದು. ಪಾಯಿಂಟಿನ ಅಂತರ ಹೊಂದಿಸುವ, ಸೈಲೆನ್ಸರಿನ ಒಳಗಿನ ಮಸಿ ಕೆರೆಯುವ ಮೇಸ್ತ್ರಿಗಳಿಗೆ ವಯಸ್ಸಾಗಿದೆ. ಗೋಡೆಯ ಮೇಲಿನ ಗಾಡಿಗೆ ಮೇಸ್ತ್ರಿ ಬೇಕಿಲ್ಲ. ಮೇಸ್ತ್ರಿಗೆ ಕೆಲಸವಿಲ್ಲದಿದ್ದರೆ ಶಿಷ್ಯನೂ ಇಲ್ಲ.

ಸರ್ಕಾರದ ನಿಯಮವೂ ಅರ್ಧ ದಾರಿಗೆ ನಿಂತಿದೆ. 2021ರ ನಿಯಮದಂತೆ 50 ವರ್ಷ ದಾಟಿ ಮೂಲರೂಪದಲ್ಲಿರುವ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಹಾಗೆ ನೋಂದಾಯಿಸಿದರೆ ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲು ತುಂಬಿಸಲು, ರಿಪೇರಿಗೆ ಹೋಗಬಹುದು. ಗೆಳೆಯನ ಮನೆಗೆ ಹೋಗುವಂತಿಲ್ಲ. ಇದು ಮುದುಕರಿಗೆ ಹಾರ ಹಾಕಿ ಮೂಲೆಯಲ್ಲಿ ಕೂಡಿಸುವ ಗೌರವ. ನಮಗದು ಬೇಡವೆಂದು, ಐದೈದು ವರ್ಷಕ್ಕೊಮ್ಮೆ ಸಾಧಾರಣ ನೋಂದಣಿಯನ್ನೇ ನವೀಕರಿಸಿಕೊಂಡು ಬಂದಿದ್ದೇವೆ.

ಸೊಸೈಟಿಯ ಸೆಕ್ರೆಟರಿಯವರ ಎದುರಿಗೇ ಗಾಡಿ ಹೊರತೆಗೆದೆವು. ಮೂರನೆಯ ಕಿಕ್ಕಿಗೆ ಎಂಜಿನ್ನು ಹಿಡಿಯಿತು. ಚೀಟಿಯನ್ನು ಅವರೇ ಕಿತ್ತರು. ಈಗ ಭಾನುವಾರ ಬೆಳಿಗ್ಗೆ ಮೊಮ್ಮಗಳಿಗೆ ಕಿಕ್ಕು ಹೊಡೆಯುವುದನ್ನು ಕಲಿಸುತ್ತಿದ್ದೇವೆ.

ವಾಚಕ ಬಂಧುಗಳೇ, ನಿಮ್ಮ ಊರಿನ ಹಿತ್ತಲಲ್ಲಿ, ದನದ ಕೊಟ್ಟಿಗೆಯಲ್ಲಿ, ಗೋಣಿತಟ್ಟಿನ ಕೆಳಗೆ ನಿಮ್ಮ ತಂದೆಯವರ ಜಾವಾ, ಯೆಜ್ದಿ ಮಲಗಿರಬಹುದು. ಈ ಸಲ ದೀಪಾವಳಿಗೆ ಹೋದಾಗ ಗೋಣಿತಟ್ಟು ಸರಿಸಿರಿ. ಭಂಗಾರವಾಲಾನನ್ನು ಕರೆಯುವ ಮೊದಲು ಹಳೆಯ ಮೇಸ್ತ್ರಿಯನ್ನು ಕರೆಯಿರಿ. ಅವನು ಇರುವಾಗಲೇ ಕರೆಯಿರಿ.