ಸ್ಟೇಡಿಯಂ ಚೆನ್ನಾಗಿದೆ, ಗೇಟು ಹೇಗಿದೆ?

ಮಕ್ಕಳೇ, ನಮ್ಮ ಮೀಡಿಯಾಸಿಟಿಯ ಕಾಲುಸೇತುವೆ ದಾಟಿ ಸ್ವಲ್ಪ ದೂರ ನಡೆದರೆ ಓಲ್ಡ್ ಟ್ರಾಫರ್ಡ್ ಸಿಗುತ್ತೆ. 1910ರಿಂದ ಅದು ಮ್ಯಾಂಚೆಸ್ಟರ್ ಯುನೈಟೆಡ್‌ನ ತವರು. ಅದರ ಪಕ್ಕದಲ್ಲೇ 1 ಲಕ್ಷ ಜನ ಕೂರುವ ಹೊಸ ಸ್ಟೇಡಿಯಂ ಕಟ್ಟುತ್ತೇವೆ ಅಂತ 2025ರ ಮಾರ್ಚ್‌ನಲ್ಲಿ ಕ್ಲಬ್ ಹೇಳಿತು. ಚಿತ್ರ ನೋಡಿರಬೇಕಲ್ಲ? ಮೂರು ಎತ್ತರದ ಕಂಬಗಳು, ಮೇಲೆ ದೊಡ್ಡ ಛತ್ರಿಯಂಥ ಚಾವಣಿ. ನಮ್ಮ ಮನೆಗಳಲ್ಲೂ ಇದೇ ಮಾತು: ಎಷ್ಟು ದೊಡ್ಡದು, ಸ್ಕ್ರೀನ್ ಹೇಗಿರುತ್ತೆ, ತಿನ್ನೋಕೆ ಏನು ಸಿಗುತ್ತೆ?

ಇದೆಲ್ಲ ಬೇಕು, ಇಲ್ಲ ಅನ್ನಲ್ಲ. ಆದರೆ ಹೊಸ ಸ್ಟೇಡಿಯಂ ಬಗ್ಗೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ ಅಂತ ನನ್ನ ಅಭಿಪ್ರಾಯ: ಜನ ಒಳಗೆ ಹೇಗೆ ಬರ್ತಾರೆ, ಹೊರಗೆ ಹೇಗೆ ಹೋಗ್ತಾರೆ?

ಅನಿಲ್ ಕುಂಬ್ಳೆ 1990ರಲ್ಲಿ ತಮ್ಮ ಮೊದಲ ಟೆಸ್ಟ್ ಆಡಿದ್ದು ಇಲ್ಲಿನ ಕ್ರಿಕೆಟ್ ಓಲ್ಡ್ ಟ್ರಾಫರ್ಡ್‌ನಲ್ಲಿ. ಅವರ ತವರು ಮೈದಾನ ಬೆಂಗಳೂರಿನ ಚಿನ್ನಸ್ವಾಮಿ. ಆ ಮೈದಾನದಲ್ಲಿ 2015ರಲ್ಲಿ ಚಾವಣಿ ಮೇಲೆ ಸೌರಫಲಕ ಹಾಕಿದರು. 2017ರಲ್ಲಿ ಮಳೆನೀರನ್ನು ನೆಲದ ಕೆಳಗಿಂದಲೇ ಎಳೆದು ಹೊರಹಾಕುವ ಯಂತ್ರ ತಂದರು. ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವಂಥ ಕೆಲಸಗಳು ಇವು.

2025ರ ಜೂನ್ 3ರಂದು ಆರ್‌ಸಿಬಿ 18ನೇ ಸೀಸನ್ನಿನಲ್ಲಿ ಕೊನೆಗೂ ಕಪ್ ಗೆದ್ದಿತು. ಮಾರನೇ ದಿನ ಚಿನ್ನಸ್ವಾಮಿಯಲ್ಲಿ ಸಂಭ್ರಮ. ಸುಮಾರು 35,000 ಜನ ಹಿಡಿಸುವ ಜಾಗಕ್ಕೆ ಎರಡು-ಮೂರು ಲಕ್ಷ ಜನ ಬಂದಿದ್ದರು ಅಂತ ಮುಖ್ಯಮಂತ್ರಿಗಳೇ ಹೇಳಿದರು. ಗೇಟುಗಳ ಬಳಿ ಕಾಲ್ತುಳಿತವಾಗಿ 11 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ನಿಮ್ಮ ವಯಸ್ಸಿನವರೂ ಇದ್ದರು. ಅಲ್ಲಿನ ಗೇಟುಗಳು ನೇರವಾಗಿ ಫುಟ್‌ಪಾತ್‌ಗೆ ತೆರೆದುಕೊಳ್ಳುತ್ತವೆ, ಇಷ್ಟು ಜನ ಸೇರೋಕೆ ಈ ಜಾಗ ಸುರಕ್ಷಿತವಲ್ಲ ಅಂತ ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹ ಆಯೋಗ ವರದಿ ಕೊಟ್ಟಿತು. ಮಳೆನೀರು ಹೋಗೋಕೆ ಅಷ್ಟು ಒಳ್ಳೆ ದಾರಿ ಮಾಡಿದ್ದ ಮೈದಾನದ ಹೊರಗೆ ಜನ ಸಾಲು ನಿಲ್ಲೋಕೆ ಜಾಗ ಇರಲಿಲ್ಲ.

"ಇದು ನಮ್ಮ ದೇಶದಲ್ಲಿ ಮಾತ್ರ" ಅಂತ ಯಾರಾದರೂ ಅಂದರೆ ಅದು ತಪ್ಪು. ಇಲ್ಲೇ ಹತ್ತಿರದ ಶೆಫೀಲ್ಡ್‌ನಲ್ಲಿ, 1989ರ ಏಪ್ರಿಲ್ 15ರಂದು, ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿಗೆ ಒಟ್ಟು 97 ಜನ ಬಲಿಯಾದರು. ಆ ದಿನ ಒಂದು ಕಡೆ 10,100 ಜನರಿಗೆ ನಿಂತು ನೋಡುವ ಟಿಕೆಟ್ ಕೊಟ್ಟಿದ್ದರು. ಒಬ್ಬೊಬ್ಬರನ್ನೇ ಒಳಗೆ ಬಿಡುವ ತಿರುಗು ಗೇಟು ಇದ್ದದ್ದು 7. ಭಾಗಿಸಿ ನೋಡಿ ಮಕ್ಕಳೇ, ಒಂದು ಗೇಟಿಗೆ ಸುಮಾರು 1,443 ಜನ. ಒಬ್ಬರಿಗೆ 5 ಸೆಕೆಂಡ್ ಅಂದರೂ ಎರಡು ಗಂಟೆ! ಹೊರಗೆ ಒತ್ತಡ ಹೆಚ್ಚಾದಾಗ ಪೊಲೀಸರು ಇನ್ನೊಂದು ದೊಡ್ಡ ಗೇಟು ತೆಗೆಸಿದರು. ಜನ ಆಗಲೇ ತುಂಬಿದ್ದ ಅಂಕಣಗಳಿಗೇ ಹೋಗಿ ಸೇರಿದರು, ಮುಂದೆ ಕಬ್ಬಿಣದ ಬೇಲಿ. ತಪ್ಪು ಅಭಿಮಾನಿಗಳದ್ದಲ್ಲ ಅಂತ ತೀರ್ಪು ಬರೋಕೆ 2016ರವರೆಗೆ ಕಾಯಬೇಕಾಯಿತು.

ಆಮೇಲೆ ಈ ದೇಶ ಪಾಠ ಕಲಿಯಿತು. ಬೇಲಿಗಳು ಹೋದವು, ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಆಸನ ಬಂತು. ದೊಡ್ಡ ಸ್ಟೇಡಿಯಂ ಒಳಗೆ ಎಷ್ಟು ಜನ ಇರಬಹುದು ಅನ್ನುವುದಕ್ಕೆ ಸ್ಥಳೀಯ ಕೌನ್ಸಿಲ್ ಕೊಡುವ ಸುರಕ್ಷತಾ ಪ್ರಮಾಣಪತ್ರವೇ ಮಿತಿ. ಕ್ಲಬ್ ತನಗೆ ಬೇಕಾದಷ್ಟು ಟಿಕೆಟ್ ಮಾರೋ ಹಾಗಿಲ್ಲ.

ನಾವು ಸಾಫ್ಟ್‌ವೇರ್‌ನವರು ಒಂದು ವೆಬ್‌ಸೈಟ್ ಬಿಡುವ ಮುಂಚೆ ಲೋಡ್ ಟೆಸ್ಟ್ ಮಾಡ್ತೀವಿ. ದಿನಕ್ಕೆ ಎಷ್ಟು ಜನ ಬರ್ತಾರೆ ಅನ್ನೋ ಲೆಕ್ಕ ಸಾಲದು; ಎಲ್ಲರೂ ಒಂದೇ ಹೊತ್ತಿಗೆ ಬಂದರೆ ಏನಾಗುತ್ತೆ ಅಂತ ನೋಡಬೇಕು. ವೆಬ್‌ಸೈಟ್ ಬಿದ್ದರೆ ಮತ್ತೆ ಎಬ್ಬಿಸಬಹುದು, ಬಿದ್ದ ಮನುಷ್ಯರ ವಿಷಯದಲ್ಲಿ ಹಾಗಾಗಲ್ಲ. ಓಲ್ಡ್ ಟ್ರಾಫರ್ಡ್‌ನಲ್ಲಿ ಈಗ ಸುಮಾರು 74,000 ಆಸನ ಇವೆ. ಹೊಸದರಲ್ಲಿ 26,000 ಜನ ಹೆಚ್ಚು. ಜೋಡಿ ಟ್ರಾಮ್‌ನಲ್ಲಿ ಸುಮಾರು 400 ಜನ ಹಿಡಿಸ್ತಾರೆ. ಆ ಹೆಚ್ಚಿನವರಿಗೇ 65 ಟ್ರಾಮ್ ಬೇಕು! ಪಂದ್ಯದ ದಿನ ಇಲ್ಲಿ ಟ್ರಾಮ್ ಹತ್ತಿದವರಿಗೆ ಇದು ಏನು ಅಂತ ಹೇಳಬೇಕಾಗಿಲ್ಲ.

ಕರ್ನಾಟಕ ಸರ್ಕಾರವೂ ಬೊಮ್ಮಸಂದ್ರದ ಸೂರ್ಯನಗರದಲ್ಲಿ 80,000 ಆಸನಗಳ ಸ್ಟೇಡಿಯಂ ಯೋಜನೆ ಹಾಕಿಕೊಂಡಿದೆ. ಮೆಟ್ರೋದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರ ತಲುಪಿತು, ಸಂತೋಷ. ಸ್ಟೇಷನ್ನಿಂದ ಸ್ಟೇಡಿಯಂಗೆ ಅಷ್ಟು ಜನ ಹೇಗೆ ಹೋಗ್ತಾರೆ, ರಾತ್ರಿ ಹನ್ನೊಂದಕ್ಕೆ ಮಗು ಎತ್ತಿಕೊಂಡ ತಾಯಿ, ಕೋಲು ಹಿಡಿದ ತಾತ ಹೇಗೆ ವಾಪಸ್ ಬರ್ತಾರೆ ಅನ್ನೋದನ್ನೂ ಈಗಲೇ ಕೇಳಬೇಕು. ಕಟ್ಟಿದ ಮೇಲೆ ಕೇಳಿದರೆ ರಸ್ತೆ ಅಗಲ ಆಗಲ್ಲ.

ಪೋಷಕರೇ, ಓಲ್ಡ್ ಟ್ರಾಫರ್ಡ್ ಯೋಜನೆಯ ಬಗ್ಗೆ ಸ್ಥಳೀಯರ ಅಭಿಪ್ರಾಯ ಕೇಳಿದಾಗ ನಾವೂ ಬರೆಯೋಣ. ಇದು ನಮ್ಮ ಊರೂ ಹೌದು. ಮಕ್ಕಳೇ, ಮುಂದಿನ ಸಲ ಪಂದ್ಯಕ್ಕೆ ಹೋದಾಗ ಸ್ಕ್ರೀನ್ ನೋಡುವ ಮುಂಚೆ ಒಂದು ಕೆಲಸ ಮಾಡಿ: ನಿಮ್ಮ ಸೀಟಿಗೆ ಹತ್ತಿರದ ಹೊರದಾರಿ ಯಾವುದು ಅಂತ ಹುಡುಕಿ, ಅಪ್ಪ-ಅಮ್ಮನಿಗೆ ತೋರಿಸಿ. ಆಮೇಲೆ ಗಂಟಲು ಹರಿಯುವಷ್ಟು ಕೂಗಿ!