ಬಲವೂ ಬೇಕು, ಪ್ರಾಮಾಣಿಕತೆಯೂ ಬೇಕು



ನೆರೆಮನೆಯ ತಾಯಿಯೊಬ್ಬರು ಒಂದು ದಿನ ಮನೆಗೆ ಬಂದು, "ಉಸ್ತಾದರೇ, ಮಗನ ಇಂಜಿನಿಯರಿಂಗ್ ಮುಗಿದು ವರ್ಷವಾಯಿತು. ಕೆಲಸ ಸಿಕ್ಕಿಲ್ಲ. ಅವನ ಫೀಸಿಗಾಗಿ ನನ್ನ ಬಳೆಗಳನ್ನು ಮಾರಿದ್ದೇವೆ. ದುಆ ಮಾಡಿ, ಯಾರಿಗಾದರೂ ಒಂದು ಮಾತು ಹೇಳಿ" ಎಂದರು.

ದುಆ ಮಾಡಿದೆ. ಪರಿಚಯದ ಕಟ್ಟಡ ಗುತ್ತಿಗೆದಾರರಿಗೆ ಫೋನೂ ಮಾಡಿದೆ. "ಸಿವಿಲ್ ಓದಿದ್ದಾನೆ. ಒಳ್ಳೆಯ ಹುಡುಗ, ಐದು ಹೊತ್ತೂ ನಮಾಝ್ ಮಾಡುತ್ತಾನೆ" ಎಂದೆ. "ಅಲ್‌ಹಮ್ದುಲಿಲ್ಲಾಹ್. ಆದರೆ ನಕ್ಷೆ ಓದಲು ಬರುತ್ತದೆಯೇ? ಒಂದು ಸ್ಲ್ಯಾಬಿಗೆ ಎಷ್ಟು ಕಬ್ಬಿಣ, ಎಷ್ಟು ಸಿಮೆಂಟ್ ಬೇಕೆಂದು ಲೆಕ್ಕ ಹಾಕುತ್ತಾನೆಯೇ?" ಎಂದು ಅವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗನನ್ನು ಕೇಳಿದಾಗ ಅವನು ತಲೆ ತಗ್ಗಿಸಿದ. ಕೊನೆಯ ವರ್ಷದ ಪ್ರಾಜೆಕ್ಟನ್ನು ಗೆಳೆಯರೆಲ್ಲ ಸೇರಿ ಹಣ ಕೊಟ್ಟು ಮಾಡಿಸಿದ್ದರಂತೆ!

ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಹ. ಮೂಸಾ(ಅ)ರು ಮದ್‌ಯನ್‌ನಲ್ಲಿ ಕೆಲಸಕ್ಕೆ ಸೇರಿದ ಪ್ರಸಂಗವಿದೆ. ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತೆ ತಂದೆಗೆ ಹೇಳಿದ ಮಗಳು ಎರಡು ಗುಣಗಳನ್ನು ಎತ್ತಿ ಹೇಳುತ್ತಾಳೆ: ಬಲ ಮತ್ತು ಪ್ರಾಮಾಣಿಕತೆ. ಗಮನಿಸಿ, ಅದಕ್ಕೂ ಮೊದಲೇ ಅವರು ಆ ಹೆಣ್ಮಕ್ಕಳ ಜಾನುವಾರುಗಳಿಗೆ ನೀರು ಕುಡಿಸಿದ್ದರು. ಅವರು ಮಾಡಿದ ಕೆಲಸವೇ ಅವರ ಶಿಫಾರಸ್ಸಾಯಿತು.

ಇಂದಿನ ಇಂಜಿನಿಯರಿನ ಬಲವೆಂದರೆ ಅವನ ಕೌಶಲ. ನಾನು ಹುಡುಗನ ಪ್ರಾಮಾಣಿಕತೆಯ ಬಗ್ಗೆ ಮಾತ್ರ ಹೇಳಿದ್ದೆ, ಅದನ್ನೂ ವಿಚಾರಿಸದೆ. ಹಣ ಕೊಟ್ಟು ತಂದ ಪ್ರಾಜೆಕ್ಟಿಗೆ ತನ್ನ ಹೆಸರು ಬರೆದಾಗ ಕೌಶಲವೂ ಕೈಗೆ ಬರಲಿಲ್ಲ, ಪ್ರಾಮಾಣಿಕತೆಯೂ ಉಳಿಯಲಿಲ್ಲ.

ಇದು ಒಬ್ಬ ಹುಡುಗನ ಕಥೆಯಲ್ಲ. ಬಹುರಾಷ್ಟ್ರೀಯ ಕಂಪೆನಿಗಳ ಕೆಲಸಕ್ಕೆ ನಮ್ಮ ಇಂಜಿನಿಯರಿಂಗ್ ಪದವೀಧರರಲ್ಲಿ ನಾಲ್ವರಲ್ಲಿ ಒಬ್ಬರಷ್ಟೇ ತಕ್ಕವರೆಂದು ನಾಸ್ಕಾಮ್–ಮೆಕಿನ್ಸೆ ವರದಿ 2005ರಲ್ಲೇ ಹೇಳಿತ್ತು. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ 2018ರ ಮಾದರಿ ಪಠ್ಯಕ್ರಮದಲ್ಲಿ ಪಾಠದ ಹೊರೆ ಇಳಿಸಿ ಇಂಟರ್ನ್‌ಶಿಪ್‌ಗೆ ಜಾಗ ಕೊಟ್ಟಿತು. ಆದರೆ ಇಂಟರ್ನ್‌ಶಿಪ್‌ನ ಪ್ರಮಾಣಪತ್ರವನ್ನೂ ಹಣ ಕೊಟ್ಟು ತಂದರೆ ಯಾವ ಪಠ್ಯಕ್ರಮ ತಾನೇ ಏನು ಮಾಡೀತು?

ಹಾಗಾದರೆ ಮಾಡಬೇಕಾದುದೇನು? ಎರಡನೇ ವರ್ಷದಲ್ಲೇ ನಿಮ್ಮ ವಿಭಾಗದ ಇಪ್ಪತ್ತು ಉದ್ಯೋಗ ಪ್ರಕಟಣೆಗಳನ್ನು ಮುಂದಿಟ್ಟುಕೊಳ್ಳಿ. ಮತ್ತೆ ಮತ್ತೆ ಬರುವ ಬೇಡಿಕೆಗಳನ್ನು ಪಟ್ಟಿ ಮಾಡಿ. ನಿಮಗೆ ಬಾರದ್ದನ್ನು ಗುರುತಿಸಿ, ರಜೆಯಲ್ಲಿ ಒಂದೊಂದಾಗಿ ಕಲಿಯಿರಿ. ಐಐಟಿ ಹಾಗೂ ಐಐಎಸ್‌ಸಿ ಅಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಪ್ರಾಜೆಕ್ಟ್ ಚಿಕ್ಕದಾದರೂ ಸ್ವಂತದ್ದಾಗಿರಲಿ. ಮಾಡಿ ತೋರಿಸಲಾಗದ್ದನ್ನು ಅರ್ಜಿಯಲ್ಲಿ ಬರೆಯಬೇಡಿ. ಸುಳ್ಳು ಸಂದರ್ಶನದ ಎರಡನೇ ಪ್ರಶ್ನೆಗೇ ಬಯಲಾಗುತ್ತದೆ. ಪದವಿ ಮುಗಿಸಿದವರಿಗೆ ಕೇಂದ್ರ ಸರಕಾರದ ಅಪ್ರೆಂಟಿಸ್ ಯೋಜನೆಯಿದೆ. ಕಂಪೆನಿಯೊಂದರಲ್ಲಿ ಒಂದು ವರ್ಷ ಭತ್ಯೆ ಪಡೆಯುತ್ತಾ ಕೆಲಸ ಕಲಿಯಬಹುದು. ಭತ್ಯೆ ಕಡಿಮೆಯೆಂದು ಮೂಗು ಮುರಿಯಬೇಡಿ.

ಹೆತ್ತವರೇ, "ಎಷ್ಟು ಮಾರ್ಕು ಬಂತು?" ಎಂದು ಕೇಳುವಾಗ "ಈ ಸೆಮಿಸ್ಟರಿನಲ್ಲಿ ಏನು ಮಾಡಲು ಕಲಿತೆ?" ಎಂದೂ ಕೇಳಿ. ಮಗಳನ್ನೂ ಕೇಳಿ, ಅವಳ ಪದವಿ ಮದುವೆಯ ಮಾತುಕತೆಗೆ ಮಾತ್ರ ಎಂದಾಗದಿರಲಿ. ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿ(ಸ)ರು ಕಲಿಸಿದ್ದಾರೆ. ಕಲಿಯದೆ ಬರೀ ದುಆಕ್ಕೆ ಬರುವವರು ಒಂಟೆಯನ್ನು ಕಟ್ಟದೆ ಬಂದಂತೆ.

ಆ ಹುಡುಗ ಗುತ್ತಿಗೆದಾರರಲ್ಲಿಗೆ ಹೋಗಿ, "ನನಗೆ ಬರುವುದಿಲ್ಲ, ಕಲಿಸುತ್ತೀರಾ?" ಎಂದು ಕೇಳಿದ. ಅವರು ಸಣ್ಣ ಸಂಬಳಕ್ಕೆ ಸೇರಿಸಿಕೊಂಡರು. ಈಗ ಬೆಳಿಗ್ಗೆ ಏಳಕ್ಕೇ ಸೈಟಿನಲ್ಲಿರುತ್ತಾನೆ. ತಾಯಿಯ ಕೈ ಇನ್ನೂ ಬರಿದಾಗಿಯೇ ಇದೆ. ಆದರೆ ಮೊನ್ನೆ ಸಿಕ್ಕಾಗ ಅವರು ಕೆಲಸಕ್ಕಾಗಿ ದುಆ ಕೇಳಲಿಲ್ಲ. "ಅವನ ದುಡಿಮೆಯಲ್ಲಿ ಬರಕತ್ ಇರಲೆಂದು ದುಆ ಮಾಡಿ" ಎಂದರು. ಆಮೀನ್.